ಬಾಣ ಯಾರದು?

ಹಳೆಯ ಮಾದರಿಯ ಬಿಲ್ಲು ಹಿಡಿದು ಬೇಟೆಗೆ ಹೋಗುವ ಅಮೆರಿಕದ ಹವ್ಯಾಸಿಗಳಲ್ಲಿ ಕೆಲವರು ಮನೆಯಲ್ಲಿ ಕೂತು ಒಂದು ವಿಚಿತ್ರ ಕೆಲಸ ಮಾಡುತ್ತಾರೆ. ನೆಟ್ಟಗಿರುವ ಬಾಣದ ನಡುವಿಗೆ ಗರಗಸ ಇಟ್ಟು ಎರಡು ತುಂಡು ಮಾಡುತ್ತಾರೆ. 28–30 ಇಂಚಿನ ಬಾಣ ವಿಮಾನದ ಪೆಟ್ಟಿಗೆಗೂ ಹಿಡಿಸದು, ಬೆನ್ನಿನ ಚೀಲಕ್ಕೂ ಹಿಡಿಸದು. ಕುಯ್ದ ಎರಡು ತುದಿಗೂ ತಿರುಪು ಕೂರಿಸಿ, ಮೇಲೆ ಅಲ್ಯೂಮಿನಿಯಂನ ತೆಳು ಕೊಳವೆ ತೊಡಿಸಿದರೆ ಬಿಚ್ಚಿ ಜೋಡಿಸುವ ಬಾಣವಾಯಿತು.

ಹೇಳಿದಷ್ಟು ಸುಲಭವಲ್ಲ. ಬಾಣ ಕಣ್ಣಿಗೆ ಬರೀ ಕಡ್ಡಿ. ಹೆದೆ ಬಿಟ್ಟ ಕ್ಷಣದಲ್ಲಿ ಅದು ಮೀನಿನ ಹಾಗೆ ಬಳುಕುತ್ತದೆ. ಬಿಲ್ಲಿನ ಮಗ್ಗುಲನ್ನು ಬಳಸಿ ಹೋಗಬೇಕಲ್ಲ, ಬಳುಕದಿದ್ದರೆ ಗುರಿ ತಪ್ಪುತ್ತದೆ. ಸೀಡರ್ ಮರದ ಕಡ್ಡಿಯ ನಡುವೆ ಲೋಹ ಬಂದು ಕೂತರೆ ಆ ಬಳುಕಿನ ಲೆಕ್ಕವೇ ಬೇರೆಯಾಗುತ್ತದೆ. ಜೋಡಿಸಿದ ಮೇಲೆ ಮೊನೆಯನ್ನು ಮೇಜಿಗೆ ಊರಿ ಬುಗುರಿಯಂತೆ ತಿರುಗಿಸಿ ನೋಡುತ್ತಾರೆ. ಕೀಲು ಕೂದಲೆಳೆಯಷ್ಟು ವಾರೆಯಾಗಿದ್ದರೂ ನಡುಕ ಬೆರಳಿಗೆ ಗೊತ್ತಾಗುತ್ತದೆ. ಆಗ ಅಂಟು ಬಿಸಿ ಮಾಡಿ, ಕಿತ್ತು, ಮತ್ತೆ ಕೂರಿಸಬೇಕು.

ನಾನು ಬಿಲ್ಲು ಹಿಡಿದವನಲ್ಲ, ಬೇಟೆ ನನಗೆ ಒಪ್ಪಿಗೆಯೂ ಇಲ್ಲ. ಆದರೂ ಈ ಕೀಲಿನಲ್ಲಿ ನನ್ನದೊಂದು ಪ್ರಶ್ನೆ ಸಿಕ್ಕಿಕೊಂಡಿದೆ. ಬಿಚ್ಚಿಟ್ಟಾಗ ಇದರಲ್ಲಿ ಬಾಣ ಯಾವುದು? ಗರಿಯಿರುವ ತುಂಡೋ, ಅಲಗಿರುವ ತುಂಡೋ? ಎರಡನ್ನೂ ಸೇರಿಸಿ ಬಿಟ್ಟ ಮೇಲೆ, ಅದು ಮಾಡುವ ಕೆಲಸ ಯಾರದು?

ತೈತ್ತಿರೀಯ ಸಂಹಿತೆಯಲ್ಲಿ ದೇವತೆಗಳು ಅಸುರರ ಮೂರು ಪುರಗಳನ್ನು ಒಡೆಯಲು ಬಾಣವೊಂದನ್ನು ಜೋಡಿಸುತ್ತಾರೆ. ಅಗ್ನಿ ಅದರ ಮೊನೆ, ವಿಷ್ಣು ಕೋಲು, ನಡುವೆ ಸೋಮ. ಜೋಡಿಸಿಯಾದ ಮೇಲೆ, ಇದನ್ನು ಬಿಡುವವರು ಯಾರು ಎಂಬ ಮಾತು ಬರುತ್ತದೆ. ರುದ್ರ ಕ್ರೂರಿ, ಅವನೇ ಬಿಡಲಿ ಎಂದಾಗುತ್ತದೆ. ರುದ್ರ ಪುಕ್ಕಟೆ ಬಿಡುವವನಲ್ಲ. ಪಶುಗಳಿಗೆಲ್ಲ ತಾನೇ ಒಡೆಯನಾಗಬೇಕೆಂದು ವರ ಕೇಳಿ ಪಡೆಯುತ್ತಾನೆ. ಬಾಣವೇ ಆಗಿ ಹೋದ ಮೂವರಿಗೆ ಅಲ್ಲಿ ಪಾಲಿನ ಮಾತಿಲ್ಲ. ಬಿಟ್ಟವನಿಗೇ ಪಶು.

ಇದರ ತದ್ವಿರುದ್ಧದ ನ್ಯಾಯ ಇರುವುದು ಕಲಹರಿ ಮರುಭೂಮಿಯಲ್ಲಿ, ನಮೀಬಿಯಾ–ಬೋಟ್ಸ್‌ವಾನಾ ಗಡಿಯ ಸಾನ್ ಜನರಲ್ಲಿ. ಅವರ ಬಾಣವೂ ತುಂಡುತುಂಡೇ. ಹಿಂದೆ ಜೊಂಡಿನ ಕೋಲು, ಮುಂದೆ ಮೂಳೆಯ ಕೊಂಡಿ, ಅದಕ್ಕೊಂದು ಪುಟ್ಟ ಕೊಳವೆ, ತುದಿಗೆ ಬೇಲಿತಂತಿ ಬಡಿದು ಮಾಡಿದ ಅಲಗು. ಗರಿಯಿಲ್ಲ. ಒಂದು ಜಾತಿಯ ದುಂಬಿಯ ಮರಿಹುಳುವನ್ನು ನೆಲದಿಂದ ಅಗೆದು, ಹಿಚುಕಿ, ಆ ರಸವನ್ನು ಹಚ್ಚುತ್ತಾರೆ. ಅದೂ ಮೊನೆಗಲ್ಲ, ಮೊನೆಯ ಹಿಂದಿನ ಕಡ್ಡಿಗೆ. ಮೊನೆಗೆ ಹಚ್ಚಿದರೆ ಕೈ ಗೀರಿದ ದಿನ ಬೇಟೆಗಾರನದೇ ಕತೆ ಮುಗಿಯುತ್ತದೆ. ತಗುಲಿದೊಡನೆ ಕೋಲು ಕಳಚಿ ಬೀಳುತ್ತದೆ, ಅಲಗು ಮಾತ್ರ ಒಳಗೆ ಉಳಿಯುತ್ತದೆ. ಹುಲ್ಲೆ ಪೊದೆಗೆ ಮೈ ಉಜ್ಜಿ ಕಿತ್ತುಹಾಕೋಣವೆಂದರೆ ಹೊರಗೆ ಏನೂ ಚಾಚಿಕೊಂಡಿರುವುದಿಲ್ಲ. ವಿಷ ಏರಲು ದೊಡ್ಡ ಪ್ರಾಣಿಗೆ ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು. ಬೇಟೆಗಾರ ಹೆಜ್ಜೆ ಹಿಡಿದು ನಡೆಯಬೇಕು.

ಇಷ್ಟೆಲ್ಲ ನಡೆದು ಕೆಡವಿದ ಮೇಲೆ ಮಾಂಸ ಅವನದಲ್ಲ. ಯಾರ ಬಾಣ ತಗುಲಿತೋ ಅವರದು. 1950ರ ದಶಕದಲ್ಲಿ ಅವರ ನಡುವೆ ಇದ್ದು ಬಂದ ಲೋರ್ನಾ ಮಾರ್ಷಲ್ ಇದನ್ನು ಬರೆದಿಟ್ಟಿದ್ದಾರೆ. ಅಲ್ಲಿ ಬಾಣವೆಂದರೆ ಕೊಟ್ಟು ತರುವ ವಸ್ತು. ಒಬ್ಬನ ಬತ್ತಳಿಕೆಯಲ್ಲಿ ತನ್ನದರ ಜೊತೆ ನೆಂಟರದು, ಗೆಳೆಯರದು, ಹೆಂಗಸರದೂ ಇರುತ್ತಿದ್ದವು. ಗುರಿಕಾರನ ತಲೆ ತಿರುಗದಿರಲೆಂದು ಮಾಡಿಕೊಂಡ ಏರ್ಪಾಡು ಎನ್ನುತ್ತಾರೆ ಬಲ್ಲವರು. ನನಗೆ ಕಾಣುವುದು ಇನ್ನೊಂದು. ಅವರ ಬಾಣದಲ್ಲಿ ಕಳಚಿಕೊಳ್ಳುವುದು ಕೋಲು ಮಾತ್ರವಲ್ಲ, ‘ನಾನು ಹೊಡೆದೆ’ ಎಂಬುದೂ ಅಲ್ಲೇ ದಾರಿಯಲ್ಲಿ ಬಿದ್ದುಹೋಗುತ್ತದೆ. ಅಮೆರಿಕದವನ ಬಾಣ ಎರಡು ತುಂಡಾದರೂ ಎರಡೂ ಒಂದೇ ಚೀಲದಲ್ಲಿ, ಒಬ್ಬನ ಹೆಸರಲ್ಲಿ ಇರುತ್ತವೆ. ನಾಜೂಕಿನಲ್ಲಿ ಅದಕ್ಕೆ ಎಣೆಯಿಲ್ಲ. ನ್ಯಾಯದಲ್ಲಿ ನನ್ನ ಮತ ಜೊಂಡಿನ ಕೋಲಿಗೆ.

ಹುಲ್ಲೆಯ ಹಿಂದೆ ಓಡಲಾರದ ಮುದುಕನೂ ಗುಡಿಸಲ ಮುಂದೆ ಕೂತು ತಂತಿ ಬಡಿಯಬಲ್ಲ. ಅವನು ಕೊಟ್ಟ ಬಾಣ ತಗುಲಿದ ದಿನ ಮಾಂಸ ಅವನ ಮುಂದೆ ಬರುತ್ತದೆ, ಹಂಚುವವನು ಅವನೇ.