ಹೆಸರಿಡುವ ಹಕ್ಕು ಯಾರದು?

ಕಲಾವಿದನನ್ನು ಮೆಚ್ಚುವುದೆಂದರೆ ಅವನ ಕಲೆಯನ್ನು ಮಾತ್ರ ಮೆಚ್ಚುವುದೇ? ಅವನ ಮಾತನ್ನೂ ಗೌರವಿಸಬೇಕಲ್ಲವೇ? ಯೂಸುಫ್ ಲತೀಫರ ಸಂಗೀತ ಕೇಳುವಾಗ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ.

1920ರಲ್ಲಿ ಅಮೆರಿಕದ ಕಪ್ಪು ಕುಟುಂಬವೊಂದರಲ್ಲಿ ಹುಟ್ಟಿ, ಡೆಟ್ರಾಯಿಟ್‌ನಲ್ಲಿ ಬೆಳೆದ ವಿಲಿಯಂ, ಇಸ್ಲಾಮ್ ಸ್ವೀಕರಿಸಿ ಯೂಸುಫ್ ಲತೀಫ್ ಆದರು. ಅವರ ಟೆನರ್ ಸ್ಯಾಕ್ಸೋಫೋನಿನದು ತುಂಬುಕಂಠದ ದನಿ. ಕೊಳಲಿನದು ಆಪ್ತರ ಪಿಸುಮಾತು. 1961ರ ‘ಈಸ್ಟರ್ನ್ ಸೌಂಡ್ಸ್’ ಧ್ವನಿಮುದ್ರಿಕೆಯಲ್ಲಿ ಚೀನಾದ ಮಣ್ಣಿನ ಊದುವಾದ್ಯವನ್ನೂ ಅವರು ನುಡಿಸಿದ್ದಾರೆ.

ಇದನ್ನೆಲ್ಲ ನಾವು ಸಲೀಸಾಗಿ ಜಾಝ್ ಎನ್ನುತ್ತೇವೆ. ಲತೀಫ್ ಆ ಪದವನ್ನು ಒಪ್ಪಲಿಲ್ಲ. ಕೀಳು ಅರ್ಥಗಳು ಅಂಟಿಕೊಂಡ ಪದ ತಮ್ಮ ಸಂಗೀತಕ್ಕೆ ಸಲ್ಲದು ಎಂಬುದು ಅವರ ನಿಲುವಾಗಿತ್ತು. ದೇಹ, ಮನಸ್ಸು, ಆತ್ಮ ಮೂರರಿಂದಲೂ ಹೊಮ್ಮುವ ಸಂಗೀತ ಎಂಬರ್ಥದಲ್ಲಿ ‘ಆಟೋಫಿಸಿಯೋಸೈಕಿಕ್’ ಎಂದು ಕರೆದರು.

ಆ ಹೆಸರು ನಾಲಿಗೆಗೆ ತೊಡಕು, ನಿಜ. ಜಾಝ್ ಎನ್ನದಿದ್ದರೆ ಹೊಸ ಕೇಳುಗ ಅವರನ್ನು ಹುಡುಕುವುದೂ ಕಷ್ಟ. ಆದರೆ ಬೀದಿಯ ಹೆಸರು ಹೇಳಿ ಮನೆ ತೋರಿಸಿದ ಮಾತ್ರಕ್ಕೆ ಮನೆಯವರನ್ನೂ ಅದೇ ಹೆಸರಿನಿಂದ ಕರೆಯಬಹುದೇ?

ಲತೀಫ್ 2013ರಲ್ಲಿ ತೀರಿಕೊಂಡರು. ಇನ್ನು ಅವರು ನಮ್ಮನ್ನು ತಿದ್ದಲಾರರು. ಆದ್ದರಿಂದಲೇ ಅವರ ಮಾತನ್ನು ಉಳಿಸಿಕೊಳ್ಳುವ ಹೊಣೆ ಮೆಚ್ಚುವವರಾದ ನಮ್ಮದು.