ನಾಯಿಯ ಜಾತಿ ಕೇಳುವ ಮುನ್ನ



ಯಾರಾದರೂ ಹೊಸ ನಾಯಿಮರಿ ತಂದಿದ್ದಾರೆಂದು ತಿಳಿದರೆ ನಾವೆಲ್ಲ ಮೊದಲು ಕೇಳುವುದು "ಯಾವ ಜಾತಿ?" ಎಂದು. ಎರಡನೆಯ ಪ್ರಶ್ನೆ ಅದರ ಬೆಲೆಯದು. ಮರಿ ಆರೋಗ್ಯವಾಗಿದೆಯೇ, ಅದರ ತಾಯಿ ಹೇಗಿದೆ, ತಂದೆ ಯಾವುದು ಎಂದು ವಿಚಾರಿಸುವವರು ಕಡಿಮೆ. ಹುಟ್ಟಿನಿಂದ ಯಾರೂ ಮೇಲಲ್ಲ, ಕೀಳಲ್ಲ ಎಂದು ಸಾರಿದ ಶರಣರ ಹಾದಿಯಲ್ಲಿ ನಡೆಯುತ್ತೇವೆ ಎನ್ನುವ ನಾವು, ನಾಯಿಯ ವಿಷಯ ಬಂದಾಗ ಮಾತ್ರ ಜಾತಿಯನ್ನೇ ಕೇಳಿ ದುಡ್ಡು ಎಣಿಸುತ್ತೇವೆ.

ಮಠದ ಪತ್ರಿಕೆಯಲ್ಲಿ ನಾಯಿಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾಯಿ ಸಣ್ಣ ವಿಷಯವೇ ಇರಲಿ, ಅದರೊಳಗಿನ ಪ್ರಶ್ನೆ ಸಣ್ಣದಲ್ಲ. ನಮ್ಮ ಇಷ್ಟಕ್ಕಾಗಿ, ನಾವೇ ಗಂಡು ಹೆಣ್ಣು ಆರಿಸಿ, ಒಂದು ಜೀವವನ್ನು ಹುಟ್ಟಿಸಿದರೆ ಆ ಜೀವ ಬದುಕಿನುದ್ದಕ್ಕೂ ಪಡುವ ನೋವಿಗೆ ಹೊಣೆ ಯಾರು? ಸಕಲ ಜೀವಿಗಳಲ್ಲಿ ಕರುಣೆ ಇಡದ ಧರ್ಮವನ್ನು ಬಸವಣ್ಣನವರು ಧರ್ಮವೆಂದೇ ಒಪ್ಪಲಿಲ್ಲ. ಆದುದರಿಂದ ಇದು ನಮ್ಮ ಪತ್ರಿಕೆಗೆ ಹೊರಗಿನ ವಿಷಯವಲ್ಲ.

ನಮ್ಮ ತಾಳವಾಡಿ ಸೀಮೆಯಲ್ಲಿ ನಾಯಿ ಅಲಂಕಾರದ ವಸ್ತುವಾಗಿರಲಿಲ್ಲ. ಕಾಡಿನ ಅಂಚಿನ ಹೊಲದಲ್ಲಿ ರಾಗಿ, ಜೋಳ, ಕಬ್ಬು ಬೆಳೆಯುವವನಿಗೆ ರಾತ್ರಿ ಹಂದಿ ಬಂದುದನ್ನೋ ಆನೆ ಇಳಿದುದನ್ನೋ ಮೊದಲು ತಿಳಿಸುವುದು ನಾಯಿ. ಚಿರತೆಯ ಬಾಯಿಗೆ ಮೊದಲು ಬೀಳುವುದೂ ಅದೇ. ಈ ನಾಯಿಗಳಿಗೆ ಹೆಸರಾಂತ ಜಾತಿ ಇಲ್ಲ, ದಾಖಲೆ ಪತ್ರವೂ ಇಲ್ಲ. ಗಟ್ಟಿಯಿದ್ದದ್ದು ಉಳಿಯಿತು, ಉಳಿದದ್ದು ಮರಿ ಹಾಕಿತು. ಈಗ ಕೈಯಲ್ಲಿ ನಾಲ್ಕು ಕಾಸು ಓಡಾಡುವವರು ಮೈಸೂರು, ಕೊಯಮತ್ತೂರು ಕಡೆಯಿಂದ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಪಗ್ ಮರಿಗಳನ್ನು ತರುತ್ತಿದ್ದಾರೆ. ತಂದವರಲ್ಲಿ ಕೆಲವರು ಅವುಗಳಿಂದ ಮರಿ ಮಾಡಿಸಿ ಮಾರುವ ಯೋಚನೆಯಲ್ಲೂ ಇದ್ದಾರೆ. ಆದ್ದರಿಂದ ಈ ಮಾತನ್ನು ಈಗಲೇ ಆಡುವುದು ಒಳ್ಳೆಯದು.

ತಳಿ ಎಂಬುದೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ನಮ್ಮ ಜಿಲ್ಲೆಯದೇ ಆದ ಬರಗೂರು ಬೆಟ್ಟದ ದನಗಳನ್ನು ನೋಡಿರಿ. ಕೆಂಪು ಮೈ, ಮೇಲೆ ಬಿಳಿಯ ಮಚ್ಚೆ. ಅವನ್ನು ತಲೆತಲಾಂತರದಿಂದ ಸಾಕಿಕೊಂಡು ಬಂದವರಲ್ಲಿ ಕನ್ನಡ ಮಾತನಾಡುವ ನಮ್ಮ ಲಿಂಗಾಯತ ಬಂಧುಗಳೇ ಮುಖ್ಯರು. ಅವರು ಎತ್ತಿನಲ್ಲಿ ನೋಡಿದ್ದು ಬೆಟ್ಟ ಹತ್ತುವ ಕಾಲನ್ನು, ನಡಿಗೆಯ ವೇಗವನ್ನು, ಕಾಡಿನ ಮೇವಿನಲ್ಲೇ ಬದುಕುವ ತಾಳಿಕೆಯನ್ನು. ಹಾಗೆಯೇ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿ. ಅಲ್ಲಿನ ಸಂಸ್ಥಾನಿಕರಾಗಿದ್ದ ಘೋರ್ಪಡೆ ಮನೆತನದ ರಾಜಾ ಮಾಲೋಜಿರಾವ್ ಅವರು ಅದನ್ನು ಪೋಷಿಸಿ ಹೆಸರಿಗೆ ತಂದರು. ಉದ್ದ ಮುಖ, ಆಳವಾದ ಎದೆ, ಸಣ್ಣ ಸೊಂಟ, ಇವೆಲ್ಲ ಓಟಕ್ಕಾಗಿ ಬಂದ ಲಕ್ಷಣಗಳು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಸೇನೆಯು ತರಬೇತಿಗಾಗಿ ಮುಧೋಳದ ಮರಿಗಳನ್ನು ಮೀರತ್‌ಗೆ ಒಯ್ದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವು ಮುಧೋಳದ ಬಳಿ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಒಂದು ಕೇಂದ್ರವನ್ನು ನಡೆಸುತ್ತಿದೆ.

ಕಾಯಕಕ್ಕಾಗಿ ಆರಿಸಿದ ತಳಿಯಲ್ಲಿ ಕಾಯಕವೇ ಪರೀಕ್ಷೆ. ಓಡಲಾರದ ಮುಧೋಳವನ್ನಾಗಲಿ ಬೆಟ್ಟ ಹತ್ತಲಾರದ ಬರಗೂರು ಎತ್ತನ್ನಾಗಲಿ ಯಾರೂ ಮುಂದಿನ ಪೀಳಿಗೆಗೆ ಇಟ್ಟುಕೊಳ್ಳುವುದಿಲ್ಲ. ಬರೀ ನೋಟಕ್ಕಾಗಿ ಆರಿಸಲು ಹೊರಟಾಗ ಈ ಪರೀಕ್ಷೆ ತಪ್ಪಿಹೋಗುತ್ತದೆ. 2003ರಲ್ಲಿ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪಗ್ ನಾಯಿ ಬಂತು, ದೇಶದ ತುಂಬ ಅದಕ್ಕೆ ಬೇಡಿಕೆ ಹುಟ್ಟಿತು. ಅದರ ಚಪ್ಪಟೆ ಮೂತಿ ನಮಗೆ ಮುದ್ದು. ಆದರೆ ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ಮೈ ತಂಪು ಮಾಡಿಕೊಳ್ಳಬೇಕು. ಮೂತಿ ಕುಗ್ಗಿದಂತೆ ಉಸಿರಿನ ದಾರಿಯೂ ಇಕ್ಕಟ್ಟಾಗುತ್ತದೆ. ಬೇಸಿಗೆಯಲ್ಲಿ ಅದು ಗೊರಕೆ ಹೊಡೆಯುವುದನ್ನು ಕಂಡು ನಾವು ನಗುತ್ತೇವೆ. ಅನೇಕ ವೇಳೆ ಅದು ಉಸಿರಿಗಾಗಿ ಪಡುತ್ತಿರುವ ಕಷ್ಟ.

ಎರಡನೆಯ ಕೇಡು ರಕ್ತಸಂಬಂಧದ್ದು. ಒಂದೇ ಹೋರಿಯನ್ನು ಅದರ ಮಗಳ ಮೇಲೆ ಬಿಡಬಾರದು, ಕಾಲಕಾಲಕ್ಕೆ ಹೋರಿ ಬದಲಾಯಿಸಬೇಕು ಎಂಬುದನ್ನು ದನ ಸಾಕುವ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಅನೇಕ ರೋಗಗಳ ಬೀಜ ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ರೋಗವಾಗಿ ಹೊರಬೀಳುತ್ತದೆ. ಇಬ್ಬರೂ ಒಂದೇ ಮನೆಯವರಾದರೆ ಆ ಬೀಜ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಹತ್ತಿರದ ಸಂಬಂಧದಲ್ಲಿ ಮದುವೆ ಬೇಡವೆಂದು ವೈದ್ಯರು ನಮಗೆ ಹೇಳುವುದೂ ಇದೇ ಕಾರಣಕ್ಕೆ. ಆದರೂ "ಅಪ್ಪಟ ಜಾತಿ" ಕೆಡಬಾರದೆಂದು ತಂದೆಗೆ ಮಗಳನ್ನು, ಅಣ್ಣನಿಗೆ ತಂಗಿಯನ್ನು ಕೂಡಿಸಿ ಮರಿ ತೆಗೆಯುವವರಿದ್ದಾರೆ. ಇಂಗ್ಲೆಂಡಿನಲ್ಲಿ ಜಾತಿ ನಾಯಿಗಳ ರೋಗರುಜಿನವನ್ನು 2008ರಲ್ಲಿ ಬಿಬಿಸಿ ದೂರದರ್ಶನ ಬಯಲಿಗಿಟ್ಟಿತು. ಅದಾದ ಮೇಲೆ, 2009ರಲ್ಲಿ, ಇಂಥ ಕೂಡಿಕೆಯ ಮರಿಗಳನ್ನು ನೋಂದಾಯಿಸುವುದಿಲ್ಲವೆಂದು ಅಲ್ಲಿನ ಕೆನಲ್ ಕ್ಲಬ್ ತೀರ್ಮಾನಿಸಿತು.

ಬಣ್ಣದ ಮೋಹವೂ ಹಾಗೆಯೇ. ನಮ್ಮ ರಾಜ್ಯದ ಹೆಮ್ಮೆಯಾದ ರಾಜಪಾಳಯಂ ನಾಯಿ ಹಾಲಿನಂತೆ ಬೆಳ್ಳಗಿದ್ದರೆ ಬೆಲೆ ಜಾಸ್ತಿ. ಆ ತಳಿಯಲ್ಲಿ ಹುಟ್ಟುಗಿವುಡಿನ ಮರಿಗಳೂ ಬರುತ್ತವೆ. ಮೈಗೆ ಬಣ್ಣ ಕೊಡುವ ಜೀವಕೋಶಗಳಿಗೆ ಒಳಗಿವಿಯಲ್ಲಿಯೂ ಕೆಲಸವಿದೆ. ಅವು ಅಲ್ಲಿ ಇಲ್ಲವಾದರೆ ಕಿವಿ ಕೇಳಿಸದು. ಕಾವಲು ನಾಯಿಗೆ ಕಿವಿಯೇ ಇಲ್ಲವೆಂದ ಮೇಲೆ ಬಿಳುಪಿನಿಂದ ಏನು ಬಂತು?

ಡಾಲ್ಮೇಷಿಯನ್ ಎಂಬ ಚುಕ್ಕೆ ನಾಯಿಯ ಕಥೆ ಇನ್ನೂ ಬೋಧಪ್ರದ. ಆ ಜಾತಿಯ ಎಲ್ಲ ನಾಯಿಗಳ ಮೂತ್ರದಲ್ಲೂ ಯೂರಿಕ್ ಆಮ್ಲ ಹೆಚ್ಚು. ಅದರಿಂದ ಕೆಲವಕ್ಕೆ ಕಲ್ಲು ಕಟ್ಟಿ ಮೂತ್ರ ನಿಂತುಹೋಗುತ್ತದೆ. ಜಾತಿಯೊಳಗೆ ಎಷ್ಟು ಹುಡುಕಿದರೂ ದೋಷವಿಲ್ಲದ ನಾಯಿ ಸಿಗಲಿಲ್ಲ. ಅಮೆರಿಕದಲ್ಲಿ 1973ರಲ್ಲಿ ರಾಬರ್ಟ್ ಶೈಬಲ್ ಎಂಬ ವಿಜ್ಞಾನಿ ಪಾಯಿಂಟರ್ ಎಂಬ ಬೇರೆ ತಳಿಯೊಡನೆ ಒಂದೇ ಒಂದು ಬಾರಿ ಕೂಡಿಸಿದರು. ಆಮೇಲಿನ ಪೀಳಿಗೆಗಳನ್ನೆಲ್ಲ ಡಾಲ್ಮೇಷಿಯನ್‌ಗಳೊಡನೆಯೇ ಬೆಳೆಸಿದರು. ಚುಕ್ಕೆ ಉಳಿಯಿತು, ರೋಗ ಹೋಯಿತು. ಆದರೆ ಜಾತಿ ಕೆಟ್ಟಿತೆಂಬ ವಿರೋಧದಿಂದಾಗಿ ಆ ಸಂತತಿಗೆ ಅಲ್ಲಿನ ಕೆನಲ್ ಕ್ಲಬ್ಬಿನ ಪುಸ್ತಕದಲ್ಲಿ ನೆಲೆಯಾದ ಸ್ಥಾನ ದೊರೆತದ್ದು 2011ರಲ್ಲಿ. ಒಂದು ಹನಿ ಹೊರಗಿನ ರಕ್ತವನ್ನು ಒಪ್ಪುವುದಕ್ಕೆ ಮೂವತ್ತೆಂಟು ವರ್ಷ! ಕುಲದ ಹೆಮ್ಮೆ ಮನುಷ್ಯನನ್ನು ಎಷ್ಟು ಕುರುಡು ಮಾಡಬಲ್ಲದೆಂಬುದನ್ನು ನಮ್ಮ ಭಕ್ತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಎರಡು ಆಕ್ಷೇಪಣೆಗಳು ಬರುತ್ತವೆ. "ಹೀಗೆ ಕೂಡಿಸದಿದ್ದರೆ ಆ ಮರಿ ಹುಟ್ಟುತ್ತಲೇ ಇರಲಿಲ್ಲ. ಹುಟ್ಟದಿರುವುದಕ್ಕಿಂತ ನೋವಿನಲ್ಲಾದರೂ ಹುಟ್ಟಿದ್ದು ಮೇಲಲ್ಲವೇ?" ಎಂಬುದು ಮೊದಲನೆಯದು. ಮಾತು ಜಾಣತನದ್ದು. ಆದರೆ ಹುಟ್ಟದ ಜೀವ ನಮ್ಮ ಬಾಗಿಲಿಗೆ ಬಂದು ನಷ್ಟ ಕೇಳುವುದಿಲ್ಲ. ಹುಟ್ಟಿದ ಜೀವಕ್ಕೆ ಹಸಿವು, ನೋವು ಎಲ್ಲವೂ ಇವೆ, ಹೇಳಿಕೊಳ್ಳಲು ಬಾಯಿ ಮಾತ್ರ ಇಲ್ಲ. ಬೀದಿಯ ನಾಯಿಗಳು ತಾವಾಗಿ ಕೂಡಿದರೆ ಅದು ಪ್ರಕೃತಿಯ ಲೆಕ್ಕ. ನಾವು ಆರಿಸಿ ಕೂಡಿಸಿದರೆ ಅದು ನಮ್ಮ ಖಾತೆಗೆ ಬರುತ್ತದೆ. ಆರೋಗ್ಯವಂತ ಜೋಡಿಯನ್ನು ಆರಿಸಲು ಸಾಧ್ಯವಿದ್ದೂ ರೋಗದ ಜೋಡಿಯನ್ನು ಆರಿಸಿದವನು ಹಣೆಬರಹವನ್ನು ದೂರುವಂತಿಲ್ಲ. ನಾರ್ವೆ ದೇಶದಲ್ಲಿ ಈ ವಾದ ನ್ಯಾಯಾಲಯಕ್ಕೇ ಹೋಯಿತು. ಹೃದಯದ ರೋಗವೂ ಮೆದುಳಿಗೆ ಸಾಲದ ತಲೆಬುರುಡೆಯೂ ಸಾಮಾನ್ಯವಾಗಿರುವ ಕ್ಯಾವಲಿಯರ್ ಜಾತಿಯ ನಾಯಿಗಳನ್ನು ಅದೇ ಜಾತಿಯೊಳಗೆ ಕೂಡಿಸುವುದು ಕಾನೂನಿಗೆ ವಿರುದ್ಧವೆಂದು 2023ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ಎರಡನೆಯದು ವ್ಯಾಪಾರಿ ಬಂಧುಗಳ ಮಾತು: "ಮರಿ ಮಾರುವುದೂ ಒಂದು ಕಾಯಕವಲ್ಲವೇ?" ಹೌದು, ಕಾಯಕವೇ. ಮುಧೋಳದ ಸುತ್ತ ಎಷ್ಟೋ ಬಡ ಕುಟುಂಬಗಳಿಗೆ ಅದು ಅನ್ನ ಕೊಟ್ಟಿದೆ. ಆದರೆ ದುಡ್ಡು ತರುವುದೆಲ್ಲ ಕಾಯಕವಾಗುವುದಿಲ್ಲ. ಸತ್ಯ ಶುದ್ಧವಾಗಿದ್ದರೆ ಮಾತ್ರ ಅದಕ್ಕೆ ಆ ಹೆಸರು. ಲೆಕ್ಕಪತ್ರ ಬಲ್ಲ ನಮ್ಮಂಥವರು ಇಷ್ಟನ್ನು ಹೇಳಬಹುದು: ಮರಿಯ ಬೆಲೆಯನ್ನು ಜಮೆಯಲ್ಲಿ ಬರೆದುಕೊಂಡು, ಅದರ ರೋಗವನ್ನು ಕೊಂಡವನ ಖರ್ಚಿಗೂ ನೋವನ್ನು ನಾಯಿಯ ಮೈಗೂ ದಾಟಿಸುವ ಲೆಕ್ಕ ಲಾಭ ತೋರಿಸಿದರೂ ಶುದ್ಧವಾದ ಲೆಕ್ಕವಲ್ಲ.

ಈ ವಿಷಯದಲ್ಲಿ ಕೇಂದ್ರ ಸರಕಾರದ 2017ರ ನಿಯಮಗಳಿವೆ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಣ್ಣು ನಾಯಿಗೆ ಹದಿನೆಂಟು ತಿಂಗಳು ತುಂಬುವ ಮೊದಲು ಕೂಡಿಸಬಾರದು. ಅದರ ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಮಾಡಿಸಬಾರದು, ಎಂಟು ವರ್ಷದ ಮೇಲೆ ಕೂಡದು. ಎಂಟು ವಾರ ತುಂಬದ ಮರಿಯನ್ನು ಮಾರಬಾರದು. ಇವೆಲ್ಲ ಕಾನೂನಿನ ಮಾತು. ಕರುಣೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ.

ಕೊಳ್ಳುವವರು ತಾಯಿಯನ್ನು ನೋಡದೆ ಮರಿ ಕೊಳ್ಳಬೇಡಿರಿ. ತಾಯಿ ಸಲೀಸಾಗಿ ಓಡಾಡುತ್ತದೆಯೇ, ಉಸಿರಾಟ ಸರಿಯಿದೆಯೇ ಎಂದು ಕಣ್ಣಾರೆ ನೋಡಿರಿ. ದೊಡ್ಡ ಮೈಕಟ್ಟಿನ ಜಾತಿಗಳಲ್ಲಿ ಸೊಂಟದ ಕೀಲು ಸಡಿಲವಾಗುವ ದೋಷ ವಂಶದಲ್ಲಿ ಹರಿದುಬರುತ್ತದೆ. ಮರಿ ಮಾಡಿಸುವವರು ಕೂಡಿಸುವ ಮೊದಲೇ ಪಶುವೈದ್ಯರಲ್ಲಿ ಎಕ್ಸ್‌ರೇ ಮಾಡಿಸಿ ನೋಡಬೇಕು. ತಂದೆ ತಾಯಿ, ಅಜ್ಜ ಅಜ್ಜಿ ಯಾವುವು, ಯಾವ ಮರಿಗೆ ಯಾವ ರೋಗ ಬಂತು ಎಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು. ದೋಷವಿರುವ ನಾಯಿಯನ್ನು ಬೀದಿಗೆ ಬಿಡಬಾರದು. ಶಸ್ತ್ರಚಿಕಿತ್ಸೆ ಮಾಡಿಸಿ ಸಂತಾನ ನಿಲ್ಲಿಸಿ, ಅನ್ನ ಹಾಕಿ ಸಾಕಬೇಕು. ಹೊಲದ ಕಾವಲಿಗೆ ಬೇಕಾದವರಿಗೆ ಊರಿನ ನಾಯಿಯೇ ಧಾರಾಳವಾಗಿ ಸಾಕು. ಅದಕ್ಕೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ಹೊತ್ತಿಗೆ ಮುದ್ದೆ ಹಾಕಿದರೆ ಅದು ಯಾವ ಜಾತಿಗೂ ಕಡಿಮೆಯಿಲ್ಲ.

ಮಾತು ಬಾರದ ಜೀವ ನಮ್ಮ ಮೇಲೆ ದೂರು ಕೊಡಲಾರದು. ದೂರು ಕೊಡಲಾರದವರ ಎದುರಿಗೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರಲ್ಲೇ ನಮ್ಮ ಧರ್ಮ ಎಷ್ಟೆಂಬುದು ತಿಳಿಯುತ್ತದೆ. ಇನ್ನು ಮುಂದೆ ಮರಿ ತಂದವರನ್ನು "ಯಾವ ಜಾತಿ?" ಎಂದು ಕೇಳುವ ಮೊದಲು "ತಾಯಿ ಚೆನ್ನಾಗಿದೆಯೇ?" ಎಂದು ಕೇಳೋಣ.



ಕಾರ್ಯದರ್ಶಿ, ಶ್ರೀಮಠ