ಅಳತೆ ಮೀರಿದ ಅಕ್ಕಿ

ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ, ಮಲಪ್ರಭೆಯು ಕೃಷ್ಣೆಯನ್ನು ಕೂಡುವೆಡೆ ಬಸವಣ್ಣನವರ ಐಕ್ಯಮಂಟಪವಿರುವುದು. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಅದನ್ನು ಮುಳುಗಿಸಬಾರದೆಂದು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿರುವರು. ನೀರ ನಡುವಿದ್ದೂ ಮಂಟಪವು ಉಳಿದಿರುವುದು ಆ ಗೋಡೆಯಿಂದ.

ಪರರ ಮನೋವ್ಯಥೆಯನ್ನು ಕೇಳುವುದೇ ಕಾಯಕವಾದವರಿಗೆ ಇಂತಹ ಗೋಡೆಯಿರುವುದೇ? ಇಂದು ಡಿಮ್ಹಾನ್ಸ್ ಎನಿಸಿದ ಧಾರವಾಡದ ಮಾನಸಿಕ ಆಸ್ಪತ್ರೆಯು 1845ರಲ್ಲಿ ಸ್ಥಾಪಿತವಾದುದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯಲ್ಲಿ 14416ಕ್ಕೆ ಕರೆ ಮಾಡಿದರೆ ಅಹೋರಾತ್ರಿ ಓಗೊಡುವವರುಂಟು. ಆದರೆ ಓಗೊಡುವವರ ಅಳಲನ್ನು ಕೇಳುವವರಾರು? ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ವೃತ್ತಿಯ ಬಳಲಿಕೆಗೆ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿದು ಜಿಗುಪ್ಸೆ ಹುಟ್ಟುವುದು, ಕಾರ್ಯಸಾಮರ್ಥ್ಯ ಕುಗ್ಗುವುದು. ಅದನ್ನು ರೋಗವೆನ್ನದೆ, ನಿಭಾಯಿಸಲಾಗದ ಉದ್ಯೋಗದ ಒತ್ತಡದಿಂದ ಒದಗುವುದೆಂದು ಸಂಸ್ಥೆಯು ಎಣಿಸಿರುವುದು ಯುಕ್ತವೇ ಸರಿ. ಮೂರರಲ್ಲಿ ಎರಡನೆಯದು ಕ್ರೂರವಾದುದು. ಕರುಣೆಯಿಂದ ಈ ಕಾಯಕಕ್ಕೆ ಬಂದವನೇ ರೋಗಿಯ ಕಣ್ಣೀರಿಗೆ ಬೇಸರಗೊಳ್ಳುವನು. ಬೇಸರಗೊಂಡುದಕ್ಕೆ ಒಳಗೊಳಗೇ ನಾಚುವನು. ನಾಚಿಕೆಯಿಂದ ಯಾರಿಗೂ ಹೇಳನು.

ಕಾಯಕನಿಷ್ಠನಿಗೆ ವಿಶ್ರಾಂತಿಯೇಕೆಂದು ಕೇಳುವ ಮೇಲಧಿಕಾರಿಗಳುಂಟು. ಶರಣರ ಶಬ್ದವನ್ನು ಚಾವಟಿಯಾಗಿ ಹಿಡಿಯುವ ಇವರು ಆಯ್ದಕ್ಕಿ ಲಕ್ಕಮ್ಮನನ್ನು ಅರಿಯರು. ಮಾರಯ್ಯನು ನಿತ್ಯದ ಅಳತೆ ಮೀರಿ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಆಕೆ ಹೇಳಿದಳು. ತಂದುದು ಕದ್ದುದಲ್ಲ, ದಾಸೋಹಕ್ಕೆಂದೇ ತಂದುದು. ಆದರೂ ಅಳತೆ ಮೀರಿದ್ದಿತು. ವ್ಯಥೆಯನ್ನು ಆಯುವವರಿಗೂ ಅಳತೆಯುಂಟು. ದಿನಕ್ಕೆ ಇಷ್ಟೇ ರೋಗಿಗಳೆಂದು ಗೊತ್ತುಮಾಡುವುದು ಚಿಕಿತ್ಸಕನೊಬ್ಬನ ಕೈಯಲ್ಲಿಲ್ಲ, ಆಸ್ಪತ್ರೆಯೇ ಮಾಡಬೇಕು. ಸಂಜೆ ಅವನು ಕೇಳಿದ ಭಾರವನ್ನು ಅನುಭವಿಯಾದ ಹಿರಿಯರೊಬ್ಬರ ಮುಂದಿಳಿಸಿ ಬರಿಗೈಯಲ್ಲಿ ಮನೆಗೆ ಮರಳುವಂತಿರಬೇಕು.